ಎಡಗೈಯವನಾದ ಬೌಲರ್

ಯಾರಾದರೂ ಕಾಗದವೊಂದನ್ನು ಕೈಗೆ ಕೊಟ್ಟರೆ, ಅದರಲ್ಲಿ ಏನು ಬರೆದಿದೆ ಎಂದು ಓದುವ ಮೊದಲು ಅದು ಎಂಥ ಕಾಗದ ಎಂದು ಪರೀಕ್ಷಿಸುವುದು ನನ್ನ ಹಳೆಯ ಚಾಳಿ. ಲಗ್ನಪತ್ರಿಕೆ ಕೊಟ್ಟವರು "ಮನೆಯವರನ್ನೂ ಕರ್ಕೊಂಡು ಬರ್ಬೇಕು" ಎನ್ನುತ್ತಿರುವಾಗಲೇ ನಾನು ಅದರ ಅಂಚನ್ನು ಹೆಬ್ಬೆರಳಿನಿಂದ ಮೀಟಿ, ಮೂಗಿನ ಹತ್ತಿರ ತಂದು ಮೂಸಿ, ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ನೋಡುತ್ತಿರುತ್ತೇನೆ. ಇಷ್ಟೆಲ್ಲ ಶಾಸ್ತ್ರ ಮುಗಿಯುವಷ್ಟರಲ್ಲಿ ಕೊಟ್ಟವರು ಹೊರಟುಹೋಗಿರುತ್ತಾರೆ. ಮದುವೆ ಯಾರದೆಂದು ಆಮೇಲೆ ಹೆಂಡತಿಯನ್ನು ಕೇಳಬೇಕು. ಒಮ್ಮೆ ಬೀರೂರಿನ ಬಸ್ಸಿನಲ್ಲಿ ಟಿಕೆಟನ್ನು ಹೀಗೇ ಬೆಳಕಿಗೆ ಹಿಡಿದಿದ್ದಾಗ ಕಂಡಕ್ಟರು, "ಅಸಲೀನೇ ಕಣ್ರೀ ಯಜಮಾನ್ರೇ, ನಾನೇ ಹರ್ದಿದ್ದು, ಒಳಗ್ ನಡೀರಿ" ಎಂದು ಗದರಿಸಿದ. ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ.

ಈಗ ನಗು ಬರುವುದಿಲ್ಲ. ಯಾರಾದರೂ ಕಾಗದವನ್ನು ಚಾಚಿ "ಸ್ವಲ್ಪ ನೋಡಿ ಹೇಳಿ" ಎಂದರೆ ಮೊದಲು ಎರಡು ಕೈಯನ್ನೂ ಜೇಬಿಗೆ ಹಾಕಿಕೊಳ್ಳುತ್ತೇನೆ. ಹೀಗೇಕಾಯಿತು ಎನ್ನುವುದನ್ನು ನಡೆದದ್ದು ನಡೆದ ಹಾಗೆ, ಕೂಡಿಸದೆ ಕಳೆಯದೆ ಹೇಳಲು ಪ್ರಯತ್ನಿಸುತ್ತೇನೆ. ಅವಸರದಲ್ಲಿ ಹೇಳುವುದರಿಂದ ಏನಾಗುತ್ತದೆಂದು ನನಗೆ ಈಗ ಚೆನ್ನಾಗಿ ಗೊತ್ತಿದೆ.

ಕಡೂರಿನಲ್ಲಿ ನನ್ನದೊಂದು ಸಣ್ಣ ಮುದ್ರಣಾಲಯ. ತಂದೆಯ ಕಾಲದಲ್ಲಿ ಕಾಲಿನಿಂದ ತುಳಿಯುವ ಯಂತ್ರವಿತ್ತು, ಆಮೇಲೆ ಆಫ್‌ಸೆಟ್ ಬಂತು, ಈಗ ಅದರ ಪಕ್ಕದಲ್ಲಿ ಕಂಪ್ಯೂಟರಿಗೆ ಜೋಡಿಸಿದ ಇನ್ನೊಂದು ಬಂದು ಕುಳಿತಿದೆ. ನಾನು ಮುದ್ರಿಸುವುದು ಲಗ್ನಪತ್ರಿಕೆ, ರಸೀತಿ ಪುಸ್ತಕ, ವೈಕುಂಠ ಸಮಾರಾಧನೆಯ ಪತ್ರ. ಅಂದರೆ ಮನುಷ್ಯನ ಜೀವನದ ಎರಡು ಮುಖ್ಯ ಸಂಗತಿಗಳು ಮತ್ತು ಅವುಗಳ ನಡುವಿನ ಲೆಕ್ಕ. ಮೂವತ್ತು ವರ್ಷ ಇದನ್ನೇ ಮಾಡಿದವನಿಗೆ ಕಾಗದದ ವಿಷಯದಲ್ಲಿ ಒಂದಿಷ್ಟು ತಿಳಿವಳಿಕೆ ಬರುವುದು ಸಹಜ. ತಿಳಿವಳಿಕೆಗಿಂತ ಎರಡು ಪಾಲು ಹೆಚ್ಚು ಅಹಂಕಾರ ಬರುವುದೂ ಸಹಜ. ಈ ಎರಡನೆಯದರ ದೆಸೆಯಿಂದಲೇ ನಾನು ಹಳೆಯ ಕ್ರಿಕೆಟ್ ಕಾರ್ಡುಗಳ ಪರೀಕ್ಷಕನಾದದ್ದು.

ಕ್ರಿಕೆಟ್ ಕಾರ್ಡೆಂದರೆ ಇಂದಿನ ಓದುಗರಿಗೆ ಸ್ವಲ್ಪ ವಿವರಿಸಬೇಕು. ನಾವು ಹೈಸ್ಕೂಲಿನಲ್ಲಿದ್ದಾಗ ಬಬಲ್ ಗಮ್ಮಿನ ಪೊಟ್ಟಣದೊಳಗೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ರಟ್ಟಿನ ಕಾರ್ಡು ಬರುತ್ತಿತ್ತು. ಮುಂದೆ ಆಟಗಾರನ ಬಣ್ಣದ ಚಿತ್ರ, ಹಿಂದೆ ಅವನ ರನ್ನು ವಿಕೆಟ್ಟುಗಳ ಪಟ್ಟಿ, ಮೂಲೆಯಲ್ಲೊಂದು ನಂಬರು. ಗಮ್ಮಿನ ಸಿಹಿ ಐದು ನಿಮಿಷಕ್ಕೆ ಮುಗಿಯುತ್ತಿತ್ತು. ಕಾರ್ಡಿನ ವ್ಯಾಪಾರ ವರ್ಷಗಟ್ಟಲೆ ನಡೆಯಿತು. ಅದು ನಡೆಯುತ್ತಿದ್ದದ್ದು ಬೀರೂರು ಜಂಕ್ಷನ್ನಿನ ಪ್ಲಾಟ್‌ಫಾರಮ್ಮಿನ ಮೇಲೆ. ನಾವು ಮೂವರೂ ಓದುತ್ತಿದ್ದದ್ದು ಬೀರೂರಿನಲ್ಲಿ. ನಾನು ಕಡೂರಿನ ಕಡೆಯಿಂದ, ಮಲ್ಲಿಕಾರ್ಜುನ ಅಜ್ಜಂಪುರದಿಂದ, ನಾಗರಾಜ ತರೀಕೆರೆಯಿಂದ ಬರುತ್ತಿದ್ದೆವು. ಮೂರು ದಿಕ್ಕಿನ ಹಳಿಗಳು ಅಲ್ಲಿ ಕೂಡುವಂತೆ ನಾವೂ ಕೂಡುತ್ತಿದ್ದೆವು. ಸಾಯಂಕಾಲ ಯಾರ ಗಾಡಿ ಮೊದಲು ಬಂದರೆ ಅವನ ಕೈಯಲ್ಲಿದ್ದ ಕಾರ್ಡುಗಳಿಗೆ ಆ ದಿನದ ಬೆಲೆ ಇಳಿಯುತ್ತಿತ್ತು, ಏಕೆಂದರೆ ಅವನಿಗೆ ಚೌಕಾಸಿ ಮಾಡಲು ಪುರುಸೊತ್ತು ಇರುತ್ತಿರಲಿಲ್ಲ.

ಅದರಲ್ಲಿ ಹದಿನೇಳನೇ ನಂಬರಿನ ಕಾರ್ಡು ಮುಖ್ಯ. ಅದರಲ್ಲಿದ್ದವನು ದ್ವೀಪದೇಶದ ಒಬ್ಬ ವೇಗದ ಬೌಲರ್. ಅವನು ಬಲಗೈಯಲ್ಲಿ ಚೆಂಡೆಸೆಯುವವನೆಂದು ರೇಡಿಯೋ ಕೇಳುತ್ತಿದ್ದ ನಮಗೆಲ್ಲ ಗೊತ್ತಿತ್ತು. ಕಾರ್ಡಿನಲ್ಲಿ ಮಾತ್ರ ಎಡಗೈ ಎತ್ತಿಕೊಂಡು ಓಡಿಬರುತ್ತಿದ್ದ. ಪ್ಲೇಟು ಮಾಡುವಾಗ ಯಾರೋ ಪುಣ್ಯಾತ್ಮ ಫಿಲಮ್ಮನ್ನು ಮಗುಚಿ ಇಟ್ಟಿದ್ದಾನೆ. ನಮ್ಮ ಕಸುಬಿನವರು ಅರೆನಿದ್ರೆಯಲ್ಲಿ ಮಾಡುವ ತಪ್ಪು ಇದು. ನಾನೂ ಒಮ್ಮೆ ಒಂದು ಮದುಮಗಳ ಮೂಗುಬೊಟ್ಟನ್ನು ಹೀಗೇ ಆಚೆಯಿಂದೀಚೆಗೆ ತಂದಿದ್ದೇನೆ. ಸ್ವಲ್ಪ ದಿನಕ್ಕೆ ಗಮ್ಮಿನ ಕಂಪನಿಯವರೇ ತಿದ್ದಿ ಮುದ್ರಿಸಿದ್ದರಿಂದ ಎಡಗೈಯ ಕಾರ್ಡುಗಳು ತೀರ ವಿರಳವಾದವು. ನಮ್ಮ ಮೂವರಲ್ಲಿ ಅದು ಸಿಕ್ಕಿದ್ದು ನಾಗರಾಜನ ಪೊಟ್ಟಣದಲ್ಲಿ. ಅವನು ಅದನ್ನು ಎರಡು ವಾರ ಇಟ್ಟುಕೊಂಡು, ಮಲ್ಲಿಕಾರ್ಜುನನಿಗೆ ಜ್ವರ ಬಂದು ಎದ್ದ ದಿನ, ಬದಲಿಗೆ ಏನನ್ನೂ ಕೇಳದೆ ಅವನ ಜೇಬಿಗೆ ಹಾಕಿದ. ನಾನು ಪಕ್ಕದಲ್ಲೇ ನಿಂತಿದ್ದೆ. ಇದಕ್ಕೆ ನಾನೇ ಸಾಕ್ಷಿ.

ಆಮೇಲೆ ಬದುಕು ಅದರ ಪಾಡಿಗೆ ನಡೆಯಿತು. ಮಲ್ಲಿಕಾರ್ಜುನ ಅಜ್ಜಂಪುರದಲ್ಲಿ ಬೀಜ, ಪೈಪು, ಸ್ಪ್ರೇಯರುಗಳ ಅಂಗಡಿ ಇಟ್ಟು ಮಲ್ಲಣ್ಣನಾದ. ನಾಗರಾಜ ತರೀಕೆರೆಯ ಬಸ್‌ಸ್ಟ್ಯಾಂಡಿನ ಹತ್ತಿರ ಟೈಲರಾದ. ಊರಿನ ಅರ್ಧ ಹೆಂಗಸರ ರೇಷ್ಮೆ ಕುಪ್ಪಸದ ತುಂಡುಗಳು, ಒಂದು ಶಾಲೆಯ ಸಮವಸ್ತ್ರದ ಥಾನುಗಳು ಸದಾ ಅವನ ಅಂಗಡಿಯಲ್ಲಿ ಇರುತ್ತಿದ್ದವು. ಐವತ್ತು ಸಮೀಪಿಸುತ್ತಿದ್ದಂತೆ ಮೂವರಿಗೂ ಹಳೆಯ ಹುಚ್ಚು ಮರುಕಳಿಸಿತು. ಇಂಥ ಕಾರ್ಡು ಕೂಡಿಡುವವರು ಎಲ್ಲ ಊರಲ್ಲೂ ಇದ್ದಾರೆಂದು ಮೊಬೈಲು ತಿಳಿಸಿತು. ಕೂಡಿಡುವವರಿದ್ದಲ್ಲಿ ನಕಲು ಮಾಡುವವರೂ ಇದ್ದಾರೆಂದು ಅದೇ ಮೊಬೈಲು ಹೆದರಿಸಿತು. ಆಗ ಎಲ್ಲರಿಗೂ ನನ್ನ ನೆನಪಾಯಿತು.

ಪರೀಕ್ಷೆಯ ಕ್ರಮ ಕಷ್ಟದ್ದೇನಲ್ಲ. ಮೊದಲು ಲೆನ್ಸು. ಆ ಕಾಲದ ಮುದ್ರಣವನ್ನು ದೊಡ್ಡದು ಮಾಡಿ ನೋಡಿದರೆ ಆಟಗಾರನ ಕೆನ್ನೆ ಕೆನ್ನೆಯಾಗಿ ಉಳಿಯುವುದಿಲ್ಲ. ಕೆಂಪು, ಹಳದಿ, ನೀಲಿ, ಕಪ್ಪು ಚುಕ್ಕೆಗಳು ಸಣ್ಣ ಹೂವಿನ ಹಾಗೆ ಗುಂಪುಗೂಡಿರುತ್ತವೆ. ಈಗಿನ ಕಂಪ್ಯೂಟರ್ ನಕಲಿನಲ್ಲಿ ಆ ಹೂವುಗಳಿರುವುದಿಲ್ಲ, ಪುಡಿ ಚೆಲ್ಲಿದಂತಿರುತ್ತದೆ. ಆಮೇಲೆ ರಟ್ಟಿನ ದಪ್ಪ, ಕತ್ತರಿಸಿದ ಅಂಚು, ವಾಸನೆ. ಕೊನೆಗೆ ನೇರಳೆ ಬೆಳಕು. ಅಡಿಕೆ ಮಂಡಿಗಳಲ್ಲಿ ನೋಟು ನೋಡಲು ಇಟ್ಟುಕೊಳ್ಳುವಂಥ ಪುಟ್ಟ ಟಾರ್ಚು ಅದು. ಈಚಿನ ಬಿಳಿ ಕಾಗದಕ್ಕೆ ಹೊಳಪು ಬರಲೆಂದು ಒಂದು ರಾಸಾಯನಿಕ ಬೆರೆಸುತ್ತಾರೆ. ಅದು ಈ ಬೆಳಕಿನಲ್ಲಿ ನೀಲಿಯಾಗಿ ಉರಿಯುತ್ತದೆ. ಗಮ್ಮಿನ ಕಾರ್ಡಿನ ಅಗ್ಗದ ರಟ್ಟಿಗೆ ಆ ಭಾಗ್ಯ ಇರಲಿಲ್ಲವಾಗಿ ಅದು ಮಂಕಾಗಿ, ಸತ್ತಂತೆ ಬಿದ್ದಿರುತ್ತದೆ. ಸತ್ತಂತಿದ್ದರೆ ಅಸಲು, ಉರಿದರೆ ನಕಲು. ಈ ಸೂತ್ರವನ್ನು ನಾನು ಎಷ್ಟು ಜನಕ್ಕೆ ಎಷ್ಟು ಸಂತೋಷದಿಂದ ಹೇಳಿದ್ದೆನೆಂದು ನೆನೆದರೆ ಈಗ ಮೈ ಮುದುಡುತ್ತದೆ.

ಕಳೆದ ವರ್ಷ ಮಹಾನವಮಿಗೆ ಸ್ವಲ್ಪ ಮುಂಚೆ ನಾಗರಾಜ ಶಿವಮೊಗ್ಗದಲ್ಲಿ ಸೇರುವ ನಾಲ್ಕಾರು ಹವ್ಯಾಸಿಗಳಿಗೆ ತೋರಿಸಲೆಂದು ಆ ಹದಿನೇಳನೆಯ ಕಾರ್ಡನ್ನು ಮಲ್ಲಣ್ಣನಿಂದ ಕೇಳಿ ತೆಗೆದುಕೊಂಡುಹೋದ. ಆಯುಧಪೂಜೆಯ ಹಿಂದಿನ ದಿನ ತಂದು ವಾಪಸು ಕೊಟ್ಟ. ಹಬ್ಬ ಕಳೆದು ಎಂಟು ದಿನಕ್ಕೆ ಮಲ್ಲಣ್ಣನ ಫೋನು ಬಂತು.

"ಲೇ ಪ್ರೆಸ್ಸು, ನಾಳೆ ಬತ್ತೀಯಾ? ನಿನ್ ಬ್ಯಾಟ್ರಿ ತಗಂಡು ಬಾ. ಕಾರ್ಡು ಯಾಕೋ ಬೇರೆ ಥರ ಐತೆ ಕಣೋ. ಬಣ್ಣ ಸಪ್ಪೆ, ವಾಸ್ನೆ ಬೇರೆ. ನಂಗೇ ಹಂಗನ್ಸುತ್ತೋ ಏನೋ, ನೀ ನೋಡು."

ನೇರಳೆ ಟಾರ್ಚು ನನ್ನ ಕೈಸೇರಿ ಆಗಿನ್ನೂ ತಿಂಗಳಾಗಿರಲಿಲ್ಲ. ಹೊಸ ಕತ್ತಿ ಸಿಕ್ಕವನಿಗೆ ಬೇಲಿಯೆಲ್ಲ ಕಾಣುತ್ತದಂತೆ. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಅಜ್ಜಂಪುರದಲ್ಲಿದ್ದೆ.

ಅಂಗಡಿಯಲ್ಲಿ ನಾಲ್ಕು ಜನರಿದ್ದರು. ಅಲ್ಲ, ಐದು, ಈರುಳ್ಳಿ ಬೀಜ ಕೇಳಲು ಬಂದವರು ಮೂವರು, ಮಲ್ಲಣ್ಣ, ಮತ್ತು ಮನೆಗೆ ಹೋಗುವ ಒಳಬಾಗಿಲಿನಲ್ಲಿ ತಟ್ಟೆಯಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಅವನ ಹೆಂಡತಿ ಗಿರಿಜಕ್ಕ. ನಾನು ಮೊದಲು ಲೆನ್ಸು ಇಟ್ಟೆ. ಚುಕ್ಕೆಗಳ ಹೂವು ಇತ್ತು. ಬೌಲರನ ಬೂಟಿನ ಹತ್ತಿರ ಪ್ಲೇಟಿನ ಗೀರಿನಿಂದಾದ ಒಂದು ಕೂದಲೆಳೆಯಷ್ಟು ಗೆರೆ ಇರಬೇಕು, ಅದೂ ಇತ್ತು. ಇಲ್ಲಿಗೆ ನಿಲ್ಲಿಸಿದ್ದರೆ ನಾನಿಂದು ಇದನ್ನು ಬರೆಯುತ್ತಿರಲಿಲ್ಲ. ಆದರೆ ಸುತ್ತ ಜನ ಬಗ್ಗಿ ನೋಡುತ್ತಿದ್ದರು, ಜೇಬಿನಲ್ಲಿ ಟಾರ್ಚಿತ್ತು. "ಶಟರ್ ಸ್ವಲ್ಪ ಇಳಿಸು" ಎಂದೆ. ಮಲ್ಲಣ್ಣ ಅರ್ಧಕ್ಕಿಂತ ಹೆಚ್ಚು ಇಳಿಸಿದ. ಮೊದಲು ಅವನ ಆಲ್ಬಮ್ಮಿನ ಇನ್ನೊಂದು ಕಾರ್ಡಿಗೆ ಬೆಳಕು ಬಿಟ್ಟೆ, ಮಂಕಾಗಿ ಬಿದ್ದಿತ್ತು. ಹದಿನೇಳನೆಯದಕ್ಕೆ ಬಿಟ್ಟೆ. ಅದು ಮದುಮಗನ ಹೊಸ ಪಂಚೆಯ ಹಾಗೆ ನೀಲಿಯಾಗಿ ಬೆಳಗಿತು.

"ಹೋ" ಎಂದರು ಬೀಜಕ್ಕೆ ಬಂದವರು.

ಆ ಕ್ಷಣದಲ್ಲಿ ನನ್ನ ಮನಸ್ಸಿನಲ್ಲಿ ಏನಿತ್ತೆಂದು ಪ್ರಾಮಾಣಿಕವಾಗಿ ಹೇಳಬೇಕು. ಲೆನ್ಸು ಒಂದು ಹೇಳುತ್ತಿದೆ, ಟಾರ್ಚು ಇನ್ನೊಂದು ಹೇಳುತ್ತಿದೆ ಎಂಬುದು ನನಗೆ ಗೊತ್ತಿತ್ತು. ಹೀಗೇಕೆ ಎಂದು ನನಗೆ ತಿಳಿಯಲಿಲ್ಲ ಎಂಬುದೂ ಗೊತ್ತಿತ್ತು. ಆದರೆ ಐದು ಜನರ ಎದುರಿಗೆ ಶಟರು ಇಳಿಸಲು ಹೇಳಿ, ಬೆಳಕು ಬಿಟ್ಟು, "ನನಗೆ ತಿಳಿಯದು" ಎನ್ನುವುದು ಹೇಗೆ? ಈಗ ಆಫ್‌ಸೆಟ್ಟಿನಲ್ಲೇ ಒಳ್ಳೆಯ ನಕಲು ಮಾಡುತ್ತಾರೆ, ಗೀರನ್ನೂ ಬಿಡುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬಾಯಿಯಿಂದ ಬಂದದ್ದು ಇಷ್ಟು: "ಇದು ಆ ಕಾಲದ ಕಾಗದ ಅಲ್ಲ."

ಒಳಬಾಗಿಲಿನಲ್ಲಿ ಲೋಟ ತಟ್ಟೆಗೆ ತಾಗಿದ ಸದ್ದಾಯಿತು. ಅದನ್ನು ನಾನು ಕೇಳಿದೆ, ಅರ್ಥ ಮಾಡಿಕೊಳ್ಳಲಿಲ್ಲ.

ಮಲ್ಲಣ್ಣ ಅಲ್ಲೇ ನಾಗರಾಜನಿಗೆ ಫೋನು ಮಾಡಿದ, ಎಲ್ಲರಿಗೂ ಕೇಳುವ ಹಾಗೆ. ಅತ್ತ ಕಡೆ ಹೊಲಿಗೆ ಯಂತ್ರ ಓಡುವ ಶಬ್ದ.

"ನಾಗ, ನನ್ ಕಾರ್ಡು ಎಲ್ಲೋ?"

"ಕೊಟ್ನಲ್ಲೋ ಮಲ್ಲ, ಹಬ್ಬದ್ ಹಿಂದಿನ್ ದಿನ. ಮರ್ತ್‌ಬಿಟ್ಯಾ? ವಯಸ್ಸಾಯ್ತು ಬಿಡು ನಿಂಗೆ."

"ನೀ ಕೊಟ್ಟಿರೋದು ನಕಲು. ಅವತ್ತು ಸುಮ್ನೆ ಕೊಟ್ನಲ್ಲಾ ಅಂತ ಇವತ್ತೂ ಹೊಟ್ಟೆ ಉರೀತಿತ್ತಾ ನಿಂಗೆ?"

ನಾಗರಾಜ ನಕ್ಕ. "ತಮಾಷೆ ಸಾಕು ಕಣೋ, ಗಿರಾಕಿ ಅವ್ರೆ."

"ತಮಾಷೆ ಅಲ್ಲ. ಪ್ರೆಸ್ಸಿನೋನು ಇಲ್ಲೇ ಅವ್ನೆ. ಬ್ಯಾಟ್ರಿ ಬಿಟ್ಟು ನೋಡಿ ಹೇಳವ್ನೆ."

ಯಂತ್ರದ ಶಬ್ದ ನಿಂತಿತು. ನಾಗರಾಜ ಕೇಳಿದ: "ಅವ್ನು ಹಂಗಂದ್ನಾ?"

ನಾನು ಫೋನಿನಿಂದ ಎರಡು ಅಡಿ ದೂರದಲ್ಲಿದ್ದೆ. ಮಾತಾಡಲಿಲ್ಲ.

"ಅವ್ನು ಹಂಗಂದ್ರೆ..." ಎಂದ ನಾಗರಾಜ, ವಾಕ್ಯ ಮುಗಿಸದೆ ಫೋನು ಇಟ್ಟ.

ಅವನು ಸಿಟ್ಟಾಗಿದ್ದರೆ, ನನ್ನನ್ನು ಬೈದಿದ್ದರೆ, "ಅವನಿಗೇನ್ ಗೊತ್ತು ಮಣ್ಣು" ಎಂದಿದ್ದರೆ ನನಗೆ ಇಂದು ಇಷ್ಟು ಭಯವಾಗುತ್ತಿರಲಿಲ್ಲ. ಅವನು ನನ್ನ ಮಾತನ್ನು ನಂಬಿದ. ತಾನು ಬದಲಾಯಿಸಿಲ್ಲವೆಂದು ಅವನಿಗೆ ಗೊತ್ತು, ನಾನು ತಪ್ಪು ಹೇಳುವವನಲ್ಲವೆಂದೂ ಅವನಿಗೆ ಗೊತ್ತು. ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ಅವನು ಅಸಲಿ ಕಾರ್ಡನ್ನು ಹುಡುಕಲು ಹೊರಟ. ಶಿವಮೊಗ್ಗಕ್ಕೆ ಎರಡು ಸಲ ಹೋಗಿ, ಅಂದು ಕಾರ್ಡು ಮುಟ್ಟಿದವರನ್ನೆಲ್ಲ ಕೈಮುಗಿದು ವಿಚಾರಿಸಿ ಬಂದ. ಅಂಗಡಿಯ ಕಪಾಟುಗಳನ್ನು ಗೋಡೆಯಿಂದ ಎಳೆದ. ಕಾರ್ಡನ್ನು ಇಟ್ಟುಕೊಂಡು ಹೋಗಿದ್ದ ಕೋಟಿನ ಅಸ್ತರನ್ನು ತಾನೇ ಬಿಚ್ಚಿ ನೋಡಿದ. ಇದೆಲ್ಲ ನನಗೆ ತಿಳಿದದ್ದು ತರೀಕೆರೆಯಿಂದ ಲಗ್ನಪತ್ರಿಕೆ ಮಾಡಿಸಲು ಬಂದ ಒಬ್ಬರಿಂದ. ಅವರು ಇನ್ನೂ ಒಂದು ಮಾತು ಹೇಳಿದರು, ತಗ್ಗಿದ ದನಿಯಲ್ಲಿ: "ನಮ್ಮನೇವ್ರು ರೇಷ್ಮೆ ಪೀಸು ವಾಪಸ್ ಇಸ್ಕಂಡ್ ಬಂದ್ಬಿಟ್ರು ಸಾರ್. ಬದ್ಲಾಯಿಸ್ತಾನಂತೆ, ಅಲ್ವಾ?"

ಒಬ್ಬ ಟೈಲರನ ವಿಷಯದಲ್ಲಿ ಹೇಳಬಾರದ ಮಾತು ಒಂದೇ. ಅಳತೆ ತಪ್ಪಿದ ಎನ್ನಬಹುದು, ಹೇಳಿದ ದಿನಕ್ಕೆ ಕೊಡುವುದಿಲ್ಲ ಎನ್ನಬಹುದು; ಇವು ಆ ಕಸುಬಿನ ಅಲಂಕಾರಗಳೇ. ಕೊಟ್ಟ ಬಟ್ಟೆಯನ್ನು ಬದಲಾಯಿಸುತ್ತಾನೆ ಎಂದರೆ ಅಂಗಡಿ ಮುಚ್ಚಿದಂತೆ. ಮಾತು ಅಜ್ಜಂಪುರದಲ್ಲಿ ಬಸ್ಸು ಹತ್ತಿ ತರೀಕೆರೆಯಲ್ಲಿ ಇಳಿಯುವಷ್ಟರಲ್ಲಿ ಕಾರ್ಡು ಉದುರಿಹೋಗಿ 'ಬದಲಾಯಿಸುತ್ತಾನೆ' ಎಂಬುದಷ್ಟೇ ಉಳಿದಿತ್ತು. ಶಾಲೆಯವರು ಮುಂದಿನ ಸಮವಸ್ತ್ರವನ್ನು ಬೇರೆಯವರಿಗೆ ಕೊಡುವ ಯೋಚನೆಯಲ್ಲಿದ್ದಾರೆಂದೂ ಕೇಳಿದೆ.

ಆಗಲೂ ನಾನು ನನ್ನನ್ನು ಅನುಮಾನಿಸಲಿಲ್ಲ. ನಾಗರಾಜನಿಗೆ ಹೀಗಾಗಬಾರದಿತ್ತು ಎಂದು ಮರುಗಿದೆ, ಅಷ್ಟೆ. ತಾನೇ ಕೆಡವಿದ ಮರದ ನೆರಳಿಲ್ಲವೆಂದು ಮರುಗುವುದೂ ಒಂದು ಬಗೆಯ ಮರುಕವೇ.

ಆರು ವಾರದ ಮೇಲೆ ರಸೀತಿ ಪುಸ್ತಕಗಳನ್ನು ಕೊಡಲು ಅಜ್ಜಂಪುರಕ್ಕೆ ಹೋಗಿದ್ದೆ. ಮಲ್ಲಣ್ಣ ಬೀರೂರಿಗೆ ಹೋಗಿದ್ದ. ಗಿರಿಜಕ್ಕ ಅಂಗಡಿಯಲ್ಲಿ ಕೂತಿದ್ದವರು ಕಾಫಿ ತಂದಿಟ್ಟು, ಹೋಗದೆ ನಿಂತರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ ಕೇಳಿದರು:

"ಅಣ್ಣ, ಕಾಗ್ದ ನೀರಾಗೆ ನೆಂದಿದ್ರೂ ನಿಮ್ ಬ್ಯಾಟ್ರೀಲಿ ಗೊತ್ತಾಗುತ್ತಾ?"

"ಬರೀ ನೀರಾದ್ರೆ ಗೊತ್ತಾಗಲ್ಲಕ್ಕ" ಎಂದೆ.

"ಸೋಪಿನ್ ಪುಡಿ ಹಾಕಿದ್ರೆ?"

ಕಾಫಿ ಲೋಟವನ್ನು ಕೆಳಗಿಟ್ಟೆ. ನಡೆದದ್ದು ಇಷ್ಟು. ಅವರ ಮನೆಯಲ್ಲಿ ಆಯುಧಪೂಜೆಗೆ ಮಲ್ಲಣ್ಣನ ಆಲ್ಬಮ್ಮನ್ನೂ ತಕ್ಕಡಿ, ಸ್ಪ್ರೇಯರು, ಸ್ಕೂಟರುಗಳ ಜೊತೆಗೆ ಪೂಜೆಗೆ ಇಡುತ್ತಾರೆ. ಆಲ್ಬಮ್ಮಿನ ಕಾರ್ಡುಗಳಿಗೆ ಪ್ಲಾಸ್ಟಿಕ್ ಹೊದಿಕೆ ಇದೆ. ಆದರೆ ಹಿಂದಿನ ದಿನವಷ್ಟೇ ಬಂದ ಹದಿನೇಳನೆಯ ಕಾರ್ಡನ್ನು ಮಲ್ಲಣ್ಣ ಇನ್ನೂ ಒಳಗೆ ಸೇರಿಸದೆ ಮೇಲೆಯೇ ಇಟ್ಟಿದ್ದ. ಗಿರಿಜಕ್ಕ ಎಲ್ಲಕ್ಕೂ ಇಟ್ಟಂತೆ ಅದಕ್ಕೂ ಮೂರು ಬೆರಳಿನ ವಿಭೂತಿ ಎಳೆದು ಕುಂಕುಮವಿಟ್ಟರು. ಸಾಯಂಕಾಲ ಎತ್ತಿಡುವಾಗ ನೋಡಿದರೆ ಕುಂಕುಮ ಬೌಲರನ ಬಿಳಿ ಅಂಗಿಗೆ ಇಳಿದಿತ್ತು. ಗಂಡ ನೋಡಿದರೆ ಏನೆಂದಾನೋ ಎಂಬ ಹೆದರಿಕೆಗೆ, ಬಿಳಿ ಪಂಚೆಯ ಕಲೆ ತೆಗೆಯುವ ಹಾಗೆಯೇ, ಒಂದು ತಟ್ಟೆಯಲ್ಲಿ ಸೋಪಿನ ಪುಡಿ ಕದಡಿ, ಕಾರ್ಡನ್ನು ಅದರಲ್ಲಿ ಮುಳುಗಿಸಿಟ್ಟು, ಹಿಂದೆ ಮುಂದೆ ಬಟ್ಟೆಯಿಂದ ಮೃದುವಾಗಿ ಒರೆಸಿ, ಒಗೆದ ಎರಡು ಪಂಚೆಗಳ ಮಡಿಕೆಯಲ್ಲಿಟ್ಟು, ಮೇಲೆ ರುಬ್ಬುವ ಕಲ್ಲು ಹೇರಿ ಒಣಗಿಸಿದರು. ಕಲೆ ಹೋಯಿತು. ಕಾರ್ಡು ನೆಟ್ಟಗೆ ನಿಂತಿತು. ಇದನ್ನು ಹೇಳುವಾಗ, ಅಂಥ ಹೊತ್ತಿನಲ್ಲೂ, ಅವರ ದನಿಯಲ್ಲಿ ಒಳ್ಳೆಯ ಕೆಲಸ ಮಾಡಿದವರ ಒಂದು ಸಣ್ಣ ಹೆಮ್ಮೆ ಇಣುಕಿತು.

"ನೀವು ಅವತ್ತು ಆ ಕಾಲದ್ ಕಾಗ್ದ ಅಲ್ಲ ಅಂದ್ರಲ್ಲ, ಲೋಟ ಕೈ ಜಾರೋದ್ರಾಗಿತ್ತು. ಆಮೇಲ್ ಅನ್ಕಂಡೆ, ಓದಿದೋರು, ಮಿಷನ್ ಹಿಡ್ದು ನೋಡವ್ರೆ, ನಿಜವೇ ಇರ್ಬೇಕು, ನಾ ತೊಳ್ದಿದ್ದೂ ನಕ್ಲೇ ಇರ್ಬೇಕು ಅಂತ."

ಅವರೂ ನನ್ನನ್ನು ನಂಬಿದ್ದರು.

ಮನೆಗೆ ಬಂದು ನನ್ನ ಸಂಗ್ರಹದ ಒಂಬತ್ತನೇ ನಂಬರಿನ ಕಾರ್ಡನ್ನು ಸೋಪಿನ ಪುಡಿಯ ನೀರಿನಲ್ಲಿ ನೆನೆಸಿದೆ. ಅದು ಅಸಲು, ಹದಿಮೂರನೆಯ ವಯಸ್ಸಿನಲ್ಲಿ ನಾನೇ ಪೊಟ್ಟಣ ಹರಿದು ತೆಗೆದದ್ದು. ಹೆಂಡತಿ ಬಂದು ನೋಡಿ, "ಬಟ್ಟೆ ಒಗೀರಿ ಅಂದ್ರೆ ಆಗಲ್ಲ, ಕಾರ್ಡು ಒಗೀತೀರಾ?" ಎಂದಳು. ಮಾರನೆಯ ದಿನ ಒಣಗಿದ ಮೇಲೆ ಬಾಗಿಲು ಹಾಕಿ ಟಾರ್ಚು ಬಿಟ್ಟೆ. ನೀಲಿಯಾಗಿ ಉರಿಯಿತು. ಬಟ್ಟೆಗೆ ಬೆಳ್ಳಗಿನ ಹೊಳಪು ಕೊಡಲು ಸೋಪಿನ ಪುಡಿಯಲ್ಲಿ ಹಾಕುವುದೂ ಕಾಗದಕ್ಕೆ ಹಾಕುವುದೂ ಒಂದೇ ಜಾತಿಯ ವಸ್ತು. ಇದು ನನಗೆ ಗೊತ್ತಿರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ, ಗೊತ್ತಿತ್ತು, ನೆನಪಾಗಲಿಲ್ಲ.

ಅದಾದ ಮೇಲೆ ನಾನು ನಾಲ್ಕು ದಿನ ಸುಮ್ಮನಿದ್ದೆ. ಈ ನಾಲ್ಕು ದಿನಗಳನ್ನು ಬಿಟ್ಟು ಬರೆಯಬಹುದಿತ್ತು. ಓದುಗರಿಗೆ ಹೇಗೆ ತಿಳಿಯಬೇಕು? ಆದರೆ ನಾಗರಾಜನ ಅಂಗಡಿಯ ಬಾಗಿಲು ಆ ನಾಲ್ಕು ದಿನವೂ ತೆರೆದಿತ್ತು, ಒಳಗೆ ಅವನು ಕೂತಿದ್ದ. ನಾನು ಹೆದರಿದ್ದು ಯಾವುದಕ್ಕೆ ಎಂದು ಬಹಳ ಯೋಚಿಸಿದ್ದೇನೆ. ಗಿರಿಜಕ್ಕನಿಗೆ ತೊಂದರೆಯಾದೀತು ಎಂಬುದು ಒಂದು. ಅದು ಹೇಳಿಕೊಳ್ಳಬಹುದಾದ ಭಯ. ಇನ್ನು ಮುಂದೆ ಯಾರೂ ನನ್ನ ಕೈಗೆ ಕಾಗದ ಕೊಟ್ಟು "ನೋಡಿ ಹೇಳಿ" ಎನ್ನಲಾರರು ಎಂಬುದು ಇನ್ನೊಂದು. ಅದೇ ದೊಡ್ಡದಾಗಿತ್ತು. ಒಬ್ಬನ ಹೊಟ್ಟೆಪಾಡಿನ ಎದುರಿಗೆ ನನ್ನ ಒಂದು ಚಪಲ ತೂಗಿ ನಾಲ್ಕು ದಿನ ಸಮನಾಗಿ ನಿಂತಿತ್ತು ಎಂದರೆ, ಮನುಷ್ಯನಿಗೆ ತನ್ನ ಬಗ್ಗೆ ಭಯ ಹುಟ್ಟಲು ಬೇರೇನು ಬೇಕು?

ಐದನೆಯ ದಿನ ಹೋದೆ. ಮಲ್ಲಣ್ಣನಿಗೆ, "ನಾನು ತಪ್ಪು ಹೇಳಿದೆ. ಕಾರ್ಡು ಅಸಲಿ. ನಾಗ ಏನೂ ಮಾಡಿಲ್ಲ" ಎಂದೆ.

"ತಪ್ಪು ಅಂದ್ರೆ? ನಾನೇ ಕಣ್ಣಾರೆ ನೋಡಿದ್ನಲ್ಲೋ, ಟ್ಯೂಬ್‌ಲೈಟ್ ಉರ್ದಂಗ್ ಉರೀತು. ನಾಗ ಬಂದು ಕಾಲು ಹಿಡ್ಕಂಡ್ನಾ ನಿಂದು?"

"ಇಲ್ಲ."

"ಮತ್ತೆ ಉರ್ದಿದ್ದು ಹೆಂಗೆ?"

ಅದನ್ನು ಹೇಳುವುದು ನನ್ನ ಹಕ್ಕಾಗಿರಲಿಲ್ಲ. ಒಳಬಾಗಿಲಿನಿಂದ ಗಿರಿಜಕ್ಕ ಬಂದು ಗಂಡನ ಎದುರು ನಿಂತರು.

"ಕುಂಕುಮ ಇಟ್ಟಿದ್ದು ನಾನು. ತೊಳ್ದಿದ್ದೂ ನಾನೇ. ಸೋಪಿನ್ ಪುಡೀಲಿ."

ಮಲ್ಲಣ್ಣ ಕೇಳಿದ: "ಯಾಕೇ ಹೇಳ್ಲಿಲ್ಲ ನಂಗೆ?"

"ನೀವ್ ನನ್ನೆಲ್ಲಿ ಕೇಳಿದ್ರಿ? ನಾಗರಾಜಣ್ಣನ್ ಕೇಳಿದ್ರಿ, ಈ ಅಣ್ಣನ್ ಕೇಳಿದ್ರಿ."

ಅವನು ಕೂಗುತ್ತಾನೆಂದು ನಾವಿಬ್ಬರೂ ಕಾಯುತ್ತಿದ್ದೆವು. ಅವನು ಕೂಗಲಿಲ್ಲ. ಆಲ್ಬಮ್ಮಿನಿಂದ ಕಾರ್ಡು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡು, "ಹತ್ತೂವರೆ ಬಸ್ಸು ಐತೆ, ನಡಿ" ಎಂದ. ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಿದ್ದ. ತರೀಕೆರೆ ಹತ್ತಿರವಾದಾಗ ಒಂದು ಸಲ, "ಅವ್ನು ಬಾಗಿಲಾಗೇ ಉಗ್ದು ಕಳಿಸ್ತಾನೆ ಕಣೋ" ಎಂದ. ಉಗಿದರೆ ಒಳ್ಳೆಯದು ಎಂದು ನಾನು ಹಾರೈಸುತ್ತಿದ್ದೆ.

ನಾಗರಾಜ ಉಗಿಯಲಿಲ್ಲ. ಎರಡು ಸ್ಟೂಲು ಎಳೆದುಹಾಕಿದ. ಅವನು ಬಡವಾಗಿದ್ದ, ಕತ್ತಿನಲ್ಲಿ ನೇತಾಡುತ್ತಿದ್ದ ಟೇಪು ದೊಡ್ಡದಾಗಿ ಕಂಡಿತು. ನಾನು ಎಲ್ಲವನ್ನೂ ಹೇಳಿದೆ, ಚುಕ್ಕೆಗಳು ಸರಿಯಿದ್ದವು ಎಂಬುದನ್ನೂ, ಫೋನಿನ ಹತ್ತಿರ ಸುಮ್ಮನೆ ನಿಂತಿದ್ದನ್ನೂ, ನಾಲ್ಕು ದಿನವನ್ನೂ. ಅವನು ಕಾಜಾ ಹಾಕುತ್ತಾ ಕೇಳಿದ. ಮುಗಿದ ಮೇಲೆ ದಾರ ಕಚ್ಚಿ ಕತ್ತರಿಸಿ, "ಹಂಗಾರೆ ನಾ ಕಳ್ದಿಲ್ಲ" ಎಂದ. ಕದ್ದಿಲ್ಲ ಎಂದಲ್ಲ, ಕಳೆದಿಲ್ಲ ಎಂದು. ಆರೇಳು ವಾರ ಅವನು ಹೊತ್ತುಕೊಂಡಿದ್ದ ಭಾರ ಅದು.

ಮಲ್ಲಣ್ಣ ಕಾರ್ಡನ್ನು ಮೇಜಿನ ಮೇಲಿಟ್ಟ. "ನಿಂದೇ ಇದು, ಮೊದ್ಲಿಂದ್ಲೂ. ಇಟ್ಕೋ ನಾಗ. ನಂಗೆ ಬ್ಯಾಡ."

"ತಗಂಡ್ ಹೋಗೋ ಮಾರಾಯ" ಎಂದ ನಾಗರಾಜ, ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು. "ನನ್ ಕೈಗ್ ಮಾತ್ರ ಕೊಡ್ಬೇಡ."

ಮಲ್ಲಣ್ಣ ಅದೇ ದಿನ ಬಸ್‌ಸ್ಟ್ಯಾಂಡಿನ ಅಂಗಡಿಗಳಿಗೆಲ್ಲ ತಾನೇ ಹೋಗಿ, ತಪ್ಪು ತನ್ನದೆಂದು ಹೇಳಿ ಬಂದ. ನಾನು ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯರಿಗೆ ಹೇಳಿದೆ, ಬರೆದೂ ಕೊಟ್ಟೆ. ಸಮವಸ್ತ್ರ ನಾಗರಾಜನಲ್ಲೇ ಉಳಿಯಿತು. ರೇಷ್ಮೆಯ ತುಂಡುಗಳಲ್ಲಿ ಕೆಲವು ಮರಳಿ ಬಂದವು, ಎಲ್ಲವೂ ಅಲ್ಲ. ಕಾರ್ಡು ನೋಡಿಕೊಡಿ ಎಂದು ಬರುವವರು ಈಗ ಕಡಿಮೆ. ಬಂದವರಿಗೆ ಲೆನ್ಸಿನಲ್ಲಿ ಕಂಡದ್ದು ಇದು, ಬೆಳಕಿನಲ್ಲಿ ಕಂಡದ್ದು ಇದು, ಇದರಾಚೆ ನನಗೆ ತಿಳಿಯದು ಎನ್ನುತ್ತೇನೆ. ನಿರಾಶರಾಗಿ ಹೋಗುತ್ತಾರೆ. ಜನಕ್ಕೆ ಬೇಕಾಗಿರುವುದು ತೀರ್ಪು.

ಹೋದ ತಿಂಗಳು ಒಂದು ಅಂಗಿಯ ಬಟ್ಟೆ ತೆಗೆದುಕೊಂಡು ನಾಗರಾಜನ ಅಂಗಡಿಗೆ ಹೋದೆ. ಅವನು ಎಂದಿನಂತೆ ನನ್ನ ಹೊಟ್ಟೆಯ ಅಳತೆ ತೆಗೆದು, "ಲೇ ಪ್ರೆಸ್ಸು, ಹೋದ್ಸಲಕ್ಕಿಂತ ಎರಡಿಂಚು ಜಾಸ್ತಿ. ಇದಕ್ಕೂ ಬ್ಯಾಟ್ರಿ ಬಿಟ್ಟು ನೋಡ್ಬೇಕಾ?" ಎಂದು ನಕ್ಕ. ನನಗೆ ಎದೆ ಹಗುರಾಯಿತು. ಎಲ್ಲ ಸರಿಹೋಯಿತೆಂದುಕೊಂಡು ಹೊರಟೆ.

"ನಿಲ್ಲು" ಎಂದ.

ಕತ್ತರಿ ತೆಗೆದುಕೊಂಡು ನನ್ನ ಬಟ್ಟೆಯ ಅಂಚಿನಿಂದ ಉಗುರಗಲದ ಒಂದು ಚೂರು ಕತ್ತರಿಸಿ, ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಅದರ ಮೇಲೆ ಮಡಿಸಿದ. ಅವನ ಮುಖದಲ್ಲಿ ವ್ಯಂಗ್ಯವಿರಲಿಲ್ಲ. ನಾನು ಚೆನ್ನಾಗಿ ನೋಡಿದೆ, ಇರಲಿಲ್ಲ. ಪಕ್ಕದಲ್ಲಿ ಕಾಯುತ್ತಿದ್ದ ಹೆಂಗಸಿನ ಕೈಯಲ್ಲೂ ಅವಳ ಕುಪ್ಪಸದ ಅಂಥದೇ ಒಂದು ಹಸಿರು ಚೂರು ಇತ್ತು.

"ಇಟ್ಕಂಡಿರು. ಈಗ ಎಲ್ರಿಗೂ ಕೊಡ್ತೀನಿ" ಎಂದ ನಾಗರಾಜ. "ಅಂಗಿ ಇಸ್ಕಳೋವಾಗ ಪಕ್ಕದಾಗ್ ಇಟ್ಟು ನೋಡ್ಕಳಕ್ಕೆ."